ಬಸ್ಸಿಗಿಂತ ಮೊದಲು ರೈಲು

ಹಾಸನದ ಓದುಗರೊಬ್ಬರ ಪ್ರಶ್ನೆ: “ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲಿಲ್ಲ, ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಮುಂದೆ ನಿಂತರು, ಅಮೆರಿಕದ ಕಪ್ಪು ಜನ ಎದ್ದುನಿಂತರು. ಕಳೆದ ಸಂಚಿಕೆಯಲ್ಲಿ ಇದರ ನಡುವೆ ಕಾರ್ಮಿಕ ಸಂಘವನ್ನು ಯಾಕೆ ಎಳೆದು ತಂದಿರಿ? ಸಂಬಳದ ಜಗಳ ಬೇರೆ, ಮಾನದ ಹೋರಾಟ ಬೇರೆ ಅಲ್ವಾ?”

ಸಂಪಾದಕರ ಉತ್ತರ:

ಬೇರೆ ಅಲ್ಲ ಸಾರ್. 1955ರ ಡಿಸೆಂಬರ್ 1ರಂದು ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯಲ್ಲಿ ಪಾರ್ಕ್ಸ್ ಬಂಧನವಾಯಿತು. ಅವರನ್ನು ಜಾಮೀನಿನ ಮೇಲೆ ಬಿಡಿಸಲು ಓಡಿದವರು ಇ. ಡಿ. ನಿಕ್ಸನ್. ಅವರು ವಕೀಲರಲ್ಲ, ಪಾದ್ರಿಯೂ ಅಲ್ಲ. ರೈಲಿನ ಪೋರ್ಟರ್, ಆ ಊರಿನ ಪೋರ್ಟರ್ ಸಂಘದ ಮುಖಂಡ. ಬೆಳಗಾಗುತ್ತಲೇ ಪಾದ್ರಿಗಳಿಗೆ ಫೋನ್ ಮಾಡಿ ಬಸ್ ಬಹಿಷ್ಕಾರಕ್ಕೆ ಒಪ್ಪಿಸತೊಡಗಿದರು. ಅವರಲ್ಲಿ 26 ವರ್ಷದ ಕಿಂಗ್ ಕೂಡ ಒಬ್ಬರು. ಆ ಸಂಜೆಯ ಸಭೆಗೆ ಮಾತ್ರ ನಿಕ್ಸನ್ ಇರಲಿಲ್ಲ, ರೈಲಿನ ಡ್ಯೂಟಿಗೆ ಹೋಗಬೇಕಿತ್ತು.

ಈ ಮನುಷ್ಯ ಸಂಘಟನೆ ಕಲಿತದ್ದು ಎಲ್ಲಿ? ಸಂಘದಲ್ಲಿ.

ಗುಲಾಮಗಿರಿ ಮುಗಿದ ಮೇಲೆ ಪುಲ್‌ಮನ್ ಕಂಪನಿ ತನ್ನ ಸ್ಲೀಪರ್ ಬೋಗಿಗಳಿಗೆ ಪೋರ್ಟರುಗಳಾಗಿ ಕಪ್ಪು ಗಂಡಸರನ್ನೇ ಹುಡುಕಿ ಸೇರಿಸಿಕೊಂಡಿತು. ಹಾಸಿಗೆ ಹಾಸುವುದು, ಪ್ರಯಾಣಿಕರ ಶೂ ಒರೆಸುವುದು, ರಾತ್ರಿಯಿಡೀ ಕರೆದಾಗ ಓಡುವುದು ಅವರ ಕೆಲಸ. ತಿಂಗಳಿಗೆ ಸುಮಾರು 400 ಗಂಟೆ ದುಡಿತ. ಸಂಬಳ ಸಾಲದೆ ಟಿಪ್ಸಿಗೆ ಕೈಯೊಡ್ಡಬೇಕು. ಶೂ ಪಾಲಿಶ್ ಕೂಡ ಸ್ವಂತ ದುಡ್ಡಿನದು. ಅವರ ಹೆಸರು ಏನೇ ಇರಲಿ, ಬಿಳಿಯರು ಕರೆಯುತ್ತಿದ್ದದ್ದು ‘ಜಾರ್ಜ್’ ಅಂತ. ಅದು ಕಂಪನಿ ಮಾಲೀಕ ಜಾರ್ಜ್ ಪುಲ್‌ಮನ್‌ನ ಹೆಸರು. ಗುಲಾಮರನ್ನು ಒಡೆಯನ ಹೆಸರಿನಿಂದ ಕರೆಯುತ್ತಿದ್ದ ಹಳೇ ರೂಢಿಯೇ ಇದು. ಇಲ್ಲಿ ಸಂಬಳ ಯಾವುದು, ಮಾನ ಯಾವುದು ಅಂತ ಹೇಗೆ ಬಿಡಿಸುತ್ತೀರಿ?

1925ರ ಆಗಸ್ಟ್ 25ರಂದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಪೋರ್ಟರುಗಳು ಸಂಘ ಕಟ್ಟಿದರು. ಎ. ಫಿಲಿಪ್ ರಾಂಡಾಲ್ಫ್ ಅವರನ್ನು ನಾಯಕರಾಗಿ ಕರೆತಂದರು. ರಾಂಡಾಲ್ಫ್ ಪೋರ್ಟರ್ ಅಲ್ಲ, ಪತ್ರಿಕೆ ನಡೆಸುತ್ತಿದ್ದವರು. ಹಾಗಾಗಿ ಕಂಪನಿ ಅವರನ್ನು ಕೆಲಸದಿಂದ ತೆಗೆಯುವ ಹಾಗಿರಲಿಲ್ಲ! ಸದಸ್ಯರಿಗೆ ಆ ರಕ್ಷಣೆ ಎಲ್ಲಿಂದ ಬರಬೇಕು? ಕಂಪನಿಯ ಗೂಢಚಾರರು ಹೆಸರು ಬರೆದುಕೊಟ್ಟರು, ಎಷ್ಟೋ ಜನ ಕೆಲಸ ಕಳೆದುಕೊಂಡರು. 1928ರಲ್ಲಿ ಮುಷ್ಕರ ಕರೆದು ಕೊನೇ ಗಳಿಗೆಯಲ್ಲಿ ಹಿಂತೆಗೆದುಕೊಂಡ ಮೇಲೆ ಸಾವಿರಗಟ್ಟಲೆ ಸದಸ್ಯರು ಕೆಲವು ನೂರಕ್ಕೆ ಇಳಿದರು. ಆದರೂ ಉಳಿದವರು ಬಿಡಲಿಲ್ಲ. ನನಗೆ ಅತಿ ಹೆಚ್ಚು ಗೌರವ ಇರುವುದು ಆ ವರ್ಷಗಳಲ್ಲಿ ಚಂದಾ ಕಟ್ಟಿದವರ ಮೇಲೆ. ಕಾರ್ಮಿಕ ಕಾನೂನು ಬದಲಾಗಿ, ತಮ್ಮ ಪರವಾಗಿ ಮಾತಾಡುವವರು ಯಾರು ಅಂತ ಪೋರ್ಟರುಗಳು ಆರಿಸಿದ 1935ರ ಮತದಾನದಲ್ಲಿ ಸಂಘ ಗೆದ್ದಿತು. ಹುಟ್ಟಿದ ದಿನಕ್ಕೆ ಸರಿಯಾಗಿ 12 ವರ್ಷಕ್ಕೆ, 1937ರಲ್ಲಿ, ಕಂಪನಿ ಒಪ್ಪಂದಕ್ಕೆ ಸಹಿ ಹಾಕಿತು. ತಿಂಗಳ ದುಡಿತ 240 ಗಂಟೆಗೆ ಇಳಿಯಿತು, ಸಂಬಳ ಏರಿತು.

ಅಲ್ಲಿಗೇ ನಿಲ್ಲಲಿಲ್ಲ. 1941ರಲ್ಲಿ ರಾಂಡಾಲ್ಫ್ ಕಪ್ಪು ಜನರ ಮೆರವಣಿಗೆಯನ್ನು ವಾಷಿಂಗ್ಟನ್ನಿಗೆ ತರುತ್ತೇನೆ ಅಂದಾಗ, ಅಧ್ಯಕ್ಷ ರೂಸ್‌ವೆಲ್ಟ್ ಯುದ್ಧ ಸಾಮಗ್ರಿ ಕಾರ್ಖಾನೆಗಳ ಕೆಲಸದಲ್ಲಿ ವರ್ಣಭೇದ ಕೂಡದು ಅಂತ ಆದೇಶ ಹೊರಡಿಸಬೇಕಾಯಿತು. 1963ರ ವಾಷಿಂಗ್ಟನ್ ಮೆರವಣಿಗೆಯ ಮುಂದಾಳು ಕೂಡ ಅವರೇ. ಅದರ ಬೇಡಿಕೆ ‘ಉದ್ಯೋಗ ಮತ್ತು ಸ್ವಾತಂತ್ರ್ಯ’, ಎರಡೂ ಒಟ್ಟಿಗೆ.

ಪಾರ್ಕ್ಸ್ ಅವರ ಧೈರ್ಯ ಇದರಿಂದ ಒಂದಿಷ್ಟೂ ಸಣ್ಣದಾಗುವುದಿಲ್ಲ. 381 ದಿನ ಬಸ್ ಹತ್ತದೆ ನಡೆದವರಲ್ಲಿ ಬಿಳಿಯರ ಮನೆಗೆಲಸದ ಹೆಂಗಸರೇ ಜಾಸ್ತಿ. ಅವರೂ ಕಾರ್ಮಿಕರೇ ಅಲ್ವಾ? ಅವರಿಗೆ ಯಾವ ಸಂಘವೂ ಇರಲಿಲ್ಲ. ಅವರ ಬಗ್ಗೆ ನಾವು ಇನ್ನೂ ಬರೆದಿಲ್ಲ, ಬರೆಯುತ್ತೇವೆ.