ಟೋಕಿಯೊ ಪಕ್ಕದ ಕವಾಗುಚಿಯಲ್ಲಿ ಮನೆ ಮಾಡಿದರೆ ಬದುಕೋದು ಹೇಗೆ?

ನೀವು ಕೇಳಿರೋದು ಇದು: ಯಜಮಾನರಿಗೆ ಟೋಕಿಯೊದಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ಬಾಡಿಗೆ ಜಾಸ್ತಿ, ಪಕ್ಕದ ಸೈತಾಮಾ ಪ್ರಾಂತ್ಯದ ಕವಾಗುಚಿಯಲ್ಲಿ ಮನೆ ಮಾಡಿ ಅಂತ ಆಫೀಸಿನವರು ಹೇಳುತ್ತಿದ್ದಾರೆ. ನಾಲ್ಕು ವರ್ಷದ ಮಗಳಿದ್ದಾಳೆ. ನೀವು ಚಿಕ್ಕಮಗಳೂರು ಬಿಟ್ಟು ಬೇರೆ ಕಡೆ ಇದ್ದವರಲ್ಲ, ಮೀನು ಮಾಂಸ ತಿನ್ನಲ್ಲ, ಜಪಾನಿ ಭಾಷೆ ಒಂದಕ್ಷರ ಬರಲ್ಲ. ಅಲ್ಲಿ ಬದುಕೋಕೆ ಆಗುತ್ತಾ?

ಆಗುತ್ತೆ. ನಾನು ಹಾಸನದವಳು. 2018ರಿಂದ ನಾಲ್ಕು ವರ್ಷ ಅದೇ ಕವಾಗುಚಿಯಲ್ಲಿದ್ದೆ, ಈಗ ವಾಪಸ್ಸು ಬಂದು ಹಾಸನದಲ್ಲೇ ಇದ್ದೀನಿ. ಹೋದಾಗ ಮಗನಿಗೆ ಮೂರು ವರ್ಷ. ನಮ್ಮ ಮನೆಯವರು ಬೆಳಿಗ್ಗೆ ಏಳೂವರೆಗೆ ರೈಲು ಹತ್ತಿದರೆ ಮನೆಗೆ ಬರುತ್ತಿದ್ದದ್ದು ರಾತ್ರಿ ಒಂಬತ್ತಕ್ಕೆ. ಟೋಕಿಯೊ ಅವರ ಪಾಲಿಗೆ, ಕವಾಗುಚಿ ನನ್ನ ಪಾಲಿಗೆ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ನಿಮಗೆ ಸಲಹೆ ಕೊಡುವವರೆಲ್ಲ ರೈಲಿಗೆ ಎಷ್ಟು ನಿಮಿಷ, ಬಾಡಿಗೆ ಎಷ್ಟು ಉಳಿಯುತ್ತೆ ಅಂತಲೇ ಹೇಳ್ತಾರೆ. ಆ ಊರಲ್ಲಿ ಹಗಲಿಡೀ ಇರಬೇಕಾದವರು ನೀವು ಮತ್ತು ಮಗು. ಹಾಗಾಗಿ ಟೋಕಿಯೊ ಹೇಗಿದೆ ಅಂತ ಕೇಳೋದಕ್ಕಿಂತ ಕವಾಗುಚಿ ಹೇಗಿದೆ ಅಂತ ಕೇಳಿದ್ದು ಒಳ್ಳೇದೇ ಆಯಿತು.

ಅರಾಕಾವಾ ಅಂತ ದೊಡ್ಡ ನದಿ. ಈಚೆ ದಡ ಕವಾಗುಚಿ, ಆಚೆ ದಡ ಟೋಕಿಯೊ. ರೈಲಿನಲ್ಲಿ ಮುಂದಿನ ಸ್ಟೇಷನ್ ಅಕಾಬಾನೆಯೇ ಟೋಕಿಯೊಗೆ ಸೇರಿದ್ದು. ಟೋಕಿಯೊ ಸ್ಟೇಷನ್‌ಗೆ ಸುಮಾರು ಅರ್ಧ ಗಂಟೆ. ರಾಜಧಾನಿ ಪಕ್ಕದ ಊರು ಅಂದಕೂಡಲೇ ನಾನು ನೆಲಮಂಗಲದ ಥರ ಏನೋ ಇರಬೇಕು ಅಂದುಕೊಂಡಿದ್ದೆ. ಅದು 6 ಲಕ್ಷ ಜನರ ಊರು. ಅದರಲ್ಲಿ 40,000ಕ್ಕೂ ಹೆಚ್ಚು ಜನ ವಿದೇಶಿಯರು: ಚೀನೀಯರು ಜಾಸ್ತಿ, ವಿಯೆಟ್ನಾಮಿನವರು, ಫಿಲಿಪ್ಪೀನ್ಸಿನವರು, ಟರ್ಕಿಯಿಂದ ಬಂದ ಕುರ್ದ್ ಜನ. ನೀವು ಬೀದಿಗಿಳಿದರೆ ಯಾರೂ ತಿರುಗಿ ನೋಡಲ್ಲ. ಆದರೆ ಇತ್ತೀಚಿನ ವರ್ಷಗಳಲ್ಲಿ ಅಲ್ಲಿ, ಮುಖ್ಯವಾಗಿ ಕುರ್ದ್ ಜನರ ವಿರುದ್ಧ, ಮೆರವಣಿಗೆಗಳೂ ಆಗಿವೆ. ಇದನ್ನ ಮುಚ್ಚಿಡೋದು ಸರಿಯಲ್ಲ. ನನ್ನ ಎದುರಿಗೆ ನಿಂತು ಯಾರೂ ಕೆಟ್ಟ ಮಾತಾಡಲಿಲ್ಲ, ಆದರೆ ಮನೆ ಹುಡುಕುವಾಗ ನೋವಾಗಿದ್ದು ಇನ್ನೂ ನೆನಪಿದೆ.

ಒಬ್ಬ ಏಜೆಂಟು ನಮ್ಮೆದುರಿಗೇ ಮಾಲೀಕರಿಗೆ ಫೋನ್ ಮಾಡೋದು, ಎರಡು ಮಾತಾಡಿ ಇಡೋದು, ‘ವಿದೇಶಿಯರಿಗೆ ಕೊಡಲ್ಲವಂತೆ’ ಅನ್ನೋದು. ಒಂದೇ ಮಧ್ಯಾಹ್ನ ಮೂರು ಮನೆ ಹಾಗೇ ಹೋದವು. ಮಗ ನನ್ನ ತೊಡೆ ಮೇಲೆ ನಿದ್ದೆ ಮಾಡಿದ್ದ, ಅವನನ್ನ ಎತ್ತಿಕೊಂಡು ಹೊರಗೆ ಬರುವಾಗ ಕಣ್ಣಲ್ಲಿ ನೀರು ಬಂತು. ಕೊಡುವ ಮನೆಗಳಲ್ಲೂ ಖರ್ಚು ನೋಡಿ: ಅಡ್ವಾನ್ಸಿಗೆ ಅಲ್ಲಿ ‘ಶಿಕಿಕಿನ್’ ಅಂತಾರೆ, ರಿಪೇರಿ ಖರ್ಚು ಕಳೆದು ವಾಪಸ್ಸು ಕೊಡ್ತಾರೆ. ‘ರೇಕಿನ್’ ಅಂತ ಇನ್ನೊಂದಿದೆ, ಮನೆ ಕೊಟ್ಟಿದ್ದಕ್ಕೆ ಮಾಲೀಕರಿಗೆ ಸಲ್ಲಿಸೋ ಕಾಣಿಕೆ, ಅದು ಹೋದದ್ದೇ. ಏಜೆಂಟ್ ಕಮಿಷನ್, ಜಾಮೀನು ಕಂಪನಿ ಫೀಸು ಬೇರೆ. ಅದಕ್ಕೇ ನಾನು ಹೇಳೋದು, ಮೊದಲು ‘ಯೂಆರ್’ ಮನೆಗಳನ್ನ ವಿಚಾರಿಸಿ. ನಮ್ಮ ಹೌಸಿಂಗ್ ಬೋರ್ಡ್ ಥರದ ಸಂಸ್ಥೆ. ರೇಕಿನ್ ಇಲ್ಲ, ಕಮಿಷನ್ ಇಲ್ಲ, ಜಾಮೀನುದಾರರು ಬೇಡ. ಸಂಬಳ ಇಷ್ಟಿರಬೇಕು ಅನ್ನೋ ಷರತ್ತು ಇದೆ. ವಾರಾಬಿ ಸ್ಟೇಷನ್ ಹತ್ತಿರ ಶಿಬಾಝೊನೊ ಅಂತ ದೊಡ್ಡ ಯೂಆರ್ ಕಾಲೊನಿ ಇದೆ, 1978ರಲ್ಲಿ ಕಟ್ಟಿದ್ದು, ಅಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ಜನ ವಿದೇಶಿಯರೇ. ನಾವಿದ್ದದ್ದು ಬೇರೆ ಸಣ್ಣ ಕಾಲೊನಿ. ಐದನೇ ಮಹಡಿ, ಲಿಫ್ಟ್ ಇಲ್ಲ. ಅಕ್ಕಿ ಚೀಲ ಹೊತ್ತು ಹತ್ತುವಾಗ ಬೇಜಾರಾಗುತ್ತಿತ್ತು, ಆದರೆ ಆ ಮನೆಯಿಂದ ನನಗೆ ಒಬ್ಬರು ಅಜ್ಜಿ ಸಿಕ್ಕರು.

ಅಲ್ಲಿ ಕಸದ ಗಾಡಿ ಹಾಡು ಹಾಕಿಕೊಂಡು ಮನೆ ಬಾಗಿಲಿಗೆ ಬರಲ್ಲ. ಕಾಲೊನಿಗೊಂದು ಮೂಲೆ, ಅದಕ್ಕೊಂದು ಬಲೆ. ಸುಡುವ ಕಸ ಒಂದು ದಿನ, ಬಾಟಲಿ ಇನ್ನೊಂದು ದಿನ, ಬೆಳಿಗ್ಗೆಯೇ ತಂದಿಡಬೇಕು. ಹೋದ ಮೂರನೇ ವಾರ ನಾನಿಟ್ಟ ಪ್ಲಾಸ್ಟಿಕ್ ಬಾಟಲಿಗಳ ಚೀಲ ಸಂಜೆಯಾದರೂ ಅಲ್ಲೇ ಇತ್ತು, ಮೇಲೊಂದು ಚೀಟಿ ಅಂಟಿಸಿದ್ದರು. ಓದೋಕೆ ಬರಲ್ಲ. ಚೀಲ ಹಿಡಿದು ನಿಂತಿದ್ದೆ. ನೆಲಮಹಡಿಯ ಅಜ್ಜಿ ಚಪ್ಪಲಿ ಮೆಟ್ಟಿಕೊಂಡು ಬಂದು ಅಲ್ಲೇ ಕುಕ್ಕರುಗಾಲಲ್ಲಿ ಕೂತರು. ಒಂದು ಬಾಟಲಿ ತೆಗೆದು ಮುಚ್ಚಳ ತಿರುಗಿಸಿ ಬಿಚ್ಚಿದರು, ಮೈಮೇಲಿನ ಲೇಬಲ್ ಉಗುರಿನಿಂದ ಎಬ್ಬಿಸಿ ಸಿಪ್ಪೆ ಸುಲಿದ ಹಾಗೆ ಸುಲಿದರು, ನಲ್ಲಿ ತಿರುಗಿಸೋ ಥರ ಕೈ ಮಾಡಿ ತೊಳೆಯಬೇಕು ಅಂತ ತೋರಿಸಿದರು, ಆಮೇಲೆ ಬಾಟಲಿಯನ್ನ ಕಾಲಡಿ ಹಾಕಿ ಚಪ್ಪಟೆ ಮಾಡಿದರು. ಹಾಗೆ ಐದು ಬಾಟಲಿ ಮಾಡಿ ಆರನೆಯದನ್ನ ನನ್ನ ಕೈಗೆ ಕೊಟ್ಟರು. ನಾನು ಮಾಡಿದೆ. ತಲೆ ಆಡಿಸಿದರು. ಅಷ್ಟೇ, ಒಂದು ಮಾತಿಲ್ಲ.

ಅಲ್ಲಿ ನಿಮ್ಮನ್ನ ಒಳ್ಳೆಯವರೋ ಅಲ್ಲವೋ ಅಂತ ತೂಗೋದು ಎರಡು ವಿಷಯದಲ್ಲಿ, ಕಸ ಮತ್ತು ಸದ್ದು. ಮಗು ಮನೆಯೊಳಗೆ ಓಡಾಡಿದರೆ ಕೆಳಗಿನ ಮನೆಗೆ ಗುಡುಗಿದ ಹಾಗೆ ಕೇಳುತ್ತೆ. ಮೊದಲ ದಿನವೇ ದಪ್ಪ ಮ್ಯಾಟ್ ಹಾಸಿ. ಮೇಲೆ, ಕೆಳಗೆ, ಅಕ್ಕಪಕ್ಕದ ಮನೆಗಳಿಗೆ ಒಂದು ಸಣ್ಣ ಉಡುಗೊರೆ ಹಿಡಿದು ಹೋಗಿ, ಮಗಳನ್ನ ತೋರಿಸಿ ಬನ್ನಿ. ನಿಮಗೆ ಇದು ಸುಲಭ: ಚಿಕ್ಕಮಗಳೂರಿನ ಕಾಫಿಪುಡಿ ಕಾಲು ಕಾಲು ಕಿಲೋ ಪ್ಯಾಕೆಟ್ ತಗೊಂಡು ಹೋಗಿ, ಚಿಕೋರಿ ಬೆರೆಸದೇ ಇರೋದು. ಅವರು ಕಾಫಿ ಸೋಸಿ ಹಾಲಿಲ್ಲದೆ ಕುಡಿಯುವವರು, ರುಚಿ ಗೊತ್ತಾಗುತ್ತೆ. ನಾನು ಮೈಸೂರು ಪಾಕ್ ಕೊಟ್ಟಿದ್ದೆ, ಅವರಿಗೆ ಸಿಹಿ ವಿಪರೀತ ಆಯಿತು.

ಭಾಷೆಗೆ ಹೆದರಬೇಡಿ ಅಂತ ಒತ್ತಿ ಹೇಳ್ತೀನಿ. ಜಪಾನಿ ವಾಕ್ಯ ಕನ್ನಡದ ಹಾಗೇ ನಡೆಯುತ್ತೆ, ಕ್ರಿಯಾಪದ ಕೊನೆಗೆ, ವಿಭಕ್ತಿ ಪದ ಆದಮೇಲೆ. ‘ಟೋಕಿಯೊ ನಿ ಇಕಿಮಾಸು’ ಅಂದರೆ ಟೋಕಿಯೊಗೆ ಹೋಗ್ತೀನಿ. ‘ನಿ’ ಅನ್ನೋದು ನಮ್ಮ ‘ಗೆ’ ಇದ್ದ ಹಾಗೆ. ನಾವು ‘ಬರ್ತೀನಿ ಅಂತ ಹೇಳಿದರು’ ಅನ್ನುವಾಗ ‘ಅಂತ’ ಎಲ್ಲಿ ಬರುತ್ತೋ ಅಲ್ಲೇ ಅವರ ‘ತೊ’ ಬರುತ್ತೆ. ಇಂಗ್ಲಿಷ್ ಮೂಲಕ ಕಲಿಯೋಕೆ ಹೋದರೆ ಎಲ್ಲ ತಲೆಕೆಳಗು, ಕನ್ನಡದಲ್ಲಿ ಯೋಚಿಸಿ ಕಲಿತರೆ ನೇರ. ಹಿರಗಾನ, ಕತಕಾನ ಅಂತ ಎರಡು ಲಿಪಿ, ಒಂದೊಂದರಲ್ಲೂ ಮೂಲಾಕ್ಷರ 46. ಇವೆರಡನ್ನೂ ಊರು ಬಿಡೋ ಮೊದಲೇ ಕಲಿತುಬಿಡಿ. ಜಪಾನಿಯಲ್ಲಿ ಬಳಸೋ ಚೀನೀ ಅಕ್ಷರ ಆಮೇಲೆ ನಿಧಾನಕ್ಕೆ. ಅಲ್ಲಿ ಸ್ವಯಂಸೇವಕರು ನಡೆಸುವ ಜಪಾನಿ ತರಗತಿಗಳಿರುತ್ತವೆ, ನಗರಸಭೆಯಲ್ಲಿ ಕೇಳಿದರೆ ಪಟ್ಟಿ ಕೊಡ್ತಾರೆ. ನಾನು ಹೋಗಿದ್ದ ಕಡೆ ಕಲಿಸುತ್ತಿದ್ದವರು ರಿಟೈರಾದ ಮೇಷ್ಟ್ರೊಬ್ಬರು. ವಾರಕ್ಕೆ ಆ ಒಂದೂವರೆ ಗಂಟೆ ಇಲ್ಲದಿದ್ದರೆ ಮೊದಲ ಚಳಿಗಾಲ ಕಳೆಯೋದು ನನಗೆ ಬಹಳ ಕಷ್ಟ ಆಗುತ್ತಿತ್ತು.

ಊಟ. ಹೋಟೆಲಿನಲ್ಲಿ ಕಷ್ಟವೇ. ತರಕಾರಿ ಸೂಪ್ ಅಂದರೂ ಅದರೊಳಗೆ ‘ದಾಶಿ’ ಇರುತ್ತೆ, ಒಣಮೀನು ಕುದಿಸಿದ ಸಾರು. ಆದರೆ ಮನೆಯಲ್ಲಿ ಅಡುಗೆ ಮಾಡಿದರೆ ಮಲೆನಾಡಿನವರಿಗೆ ಆ ತರಕಾರಿ ಅಂಗಡಿ ಸ್ವಂತದ್ದೇ ಅನ್ನಿಸುತ್ತೆ. ‘ಸಾತೊಯಿಮೊ’ ಅಂತ ಮಾರೋದು ನಮ್ಮ ಕೆಸುವಿನ ಗೆಡ್ಡೆ. ಕುಂಬಳ, ಮೂಲಂಗಿ, ಗೆಣಸು ಎಲ್ಲ ಇದೆ. ‘ಜೋಶಿಂಕೊ’ ಅಂತ ಅಕ್ಕಿಹಿಟ್ಟು ಸಿಗುತ್ತೆ, ಬಿಸಿನೀರಲ್ಲಿ ಕಲಸಿದರೆ ಅಕ್ಕಿರೊಟ್ಟಿ ಬರುತ್ತೆ, ಸ್ವಲ್ಪ ಅಂಟಂಟು ಅಷ್ಟೇ. ಏಪ್ರಿಲ್‌ನಲ್ಲಿ ಅಂಗಡಿ ಮುಂದೆ ಕಳಲೆ ರಾಶಿ ಹಾಕ್ತಾರೆ! ನಾನು ಮೊದಲ ಸಲ ನೋಡಿದಾಗ ಅಲ್ಲೇ ನಿಂತುಬಿಟ್ಟೆ. ನಾವು ಹೆಚ್ಚಿ ದಿನಾ ನೀರು ಬದಲಾಯಿಸಿ ನೆನೆಹಾಕ್ತೀವಲ್ಲ, ಅವರು ಅಕ್ಕಿ ತೌಡು ಹಾಕಿ ಕುದಿಸಿ ಕಹಿ ತೆಗೀತಾರೆ. ಅಜ್ಜಿ ಕಲಿಸಿದ್ದು. ಸಾರಿನ ಪುಡಿ, ಹುಣಸೆಹಣ್ಣು, ಬೇಳೆಗೆ ಟೋಕಿಯೊದ ಊಯೆನೊ ಹತ್ತಿರದ ಭಾರತೀಯ ಅಂಗಡಿಗೆ ತಿಂಗಳಿಗೊಮ್ಮೆ ಹೋಗುತ್ತಿದ್ದೆ, ಅದೇ ರೈಲಿನಲ್ಲಿ. ಅವರೆಕಾಳು ಮಾತ್ರ ಎಲ್ಲೂ ಸಿಗಲಿಲ್ಲ. ‘ಎದಮಾಮೆ’ ಅಂತ ಎಳೇ ಸೋಯಾ ಕಾಳು ಹಾಕಿ ಉಪ್ಪಿಟ್ಟು ಮಾಡುತ್ತಿದ್ದೆ, ಸೊಗಡು ಇರಲ್ಲ.

ಕಾಗದಪತ್ರ ಬೇಗ ಹೇಳಿಬಿಡ್ತೀನಿ. ಏರ್‌ಪೋರ್ಟಿನಲ್ಲೇ ‘ಝೈರ್ಯೂ ಕಾರ್ಡ್’ ಅಂತ ವಿದೇಶಿಯರ ಗುರುತಿನ ಚೀಟಿ ಕೊಡ್ತಾರೆ, ಹೊರಗೆ ಹೋಗುವಾಗ ಯಾವಾಗಲೂ ಜೊತೆಗಿರಬೇಕು. ಮನೆ ಸೇರಿದ 14 ದಿನದೊಳಗೆ ನಗರಸಭೆಯಲ್ಲಿ ವಿಳಾಸ ಬರೆಸಬೇಕು. ಆರೋಗ್ಯ ವಿಮೆ ಇದ್ದರೆ ಆಸ್ಪತ್ರೆ ಬಿಲ್ಲಿನಲ್ಲಿ ದೊಡ್ಡವರದ್ದು ಶೇ 30, ಶಾಲೆಗೆ ಸೇರದ ಮಕ್ಕಳದ್ದು ಶೇ 20 ನಮ್ಮ ಪಾಲು. ನೀವು ಅವಲಂಬಿತರ ವೀಸಾದಲ್ಲಿ ಹೋದರೆ ಅನುಮತಿ ಪಡೆದು ವಾರಕ್ಕೆ 28 ಗಂಟೆ ಕೆಲಸ ಮಾಡಬಹುದು. ಇನ್ನೊಂದು, ಯಜಮಾನರಿಗೆ ಹೇಳಿ: ನಿವಾಸಿ ತೆರಿಗೆಯನ್ನ ಹಿಂದಿನ ವರ್ಷದ ಆದಾಯದ ಮೇಲೆ ಹಾಕ್ತಾರೆ. ಮೊದಲ ವರ್ಷ ಇರಲ್ಲ, ಮುಂದಿನ ಜೂನ್‌ನಿಂದ ಶುರುವಾಗಿ ಸಂಬಳ ಇದ್ದಕ್ಕಿದ್ದ ಹಾಗೆ ಇಳಿಯುತ್ತೆ. ಎರಡನೇ ವರ್ಷದ ಲೆಕ್ಕ ಮೊದಲೇ ಹಾಕಿಕೊಳ್ಳಿ.

ಭೂಕಂಪ, ಪ್ರವಾಹ ಎರಡೂ ನಿಜ. 2011ರ ಮಾರ್ಚ್ 11ರ ದೊಡ್ಡ ಭೂಕಂಪದ ದಿನ ರೈಲು ನಿಂತು, ಟೋಕಿಯೊದಲ್ಲಿ ಕೆಲಸ ಮಾಡುವವರು ಪಕ್ಕದ ಊರುಗಳಿಗೆ ರಾತ್ರಿಯಿಡೀ ನಡೆದುಕೊಂಡೇ ಮನೆ ಸೇರಿದ್ದರಂತೆ. ರಾಜಧಾನಿ ಪಕ್ಕ ಇರೋದಕ್ಕೆ ಇದೊಂದು ಬೆಲೆ, ಅನಾಹುತ ಆದಾಗ ಗಂಡ ನದಿಯ ಆಚೆ, ಹೆಂಡತಿ ಮಗು ಈಚೆ. ಅಂಥ ಹೊತ್ತಲ್ಲಿ ಜನ ಆಶ್ರಯಕ್ಕೆ ಹೋಗೋದು ಶಾಲೆಗಳಿಗೆ, ಫೋನ್ ಸಿಗದಿದ್ದರೆ ಯಾವ ಶಾಲೆಯಲ್ಲಿ ಭೇಟಿಯಾಗಬೇಕು ಅಂತ ಇಬ್ಬರೂ ಮೊದಲ ವಾರವೇ ಮಾತಾಡಿಕೊಳ್ಳಿ. 171ಕ್ಕೆ ಫೋನ್ ಮಾಡಿದರೆ ಸಂದೇಶ ಬಿಟ್ಟಿಡಬಹುದು, ಅದನ್ನೂ ಕಲಿತಿಟ್ಟುಕೊಳ್ಳಿ.

2019ರ ಆಗಸ್ಟ್‌ನಲ್ಲಿ ನಿಮ್ಮ ಮೂಡಿಗೆರೆ ಕಡೆ ಗುಡ್ಡ ಕುಸಿದದ್ದು ನಿಮಗೆ ನೆನಪಿರುತ್ತೆ. ನಾನು ಅಲ್ಲಿಂದ ದಿನಾ ಮನೆಗೆ ಫೋನ್ ಮಾಡಿ ಮಳೆ ವಿಚಾರಿಸುತ್ತಿದ್ದೆ. ಎರಡು ತಿಂಗಳಿಗೆ, ಅಕ್ಟೋಬರ್ 12ಕ್ಕೆ, ಹಗಿಬಿಸ್ ಚಂಡಮಾರುತ ನಮ್ಮ ಮೇಲೇ ಬಂತು. ಶನಿವಾರ, ರೈಲನ್ನ ಮೊದಲೇ ನಿಲ್ಲಿಸಿದ್ದರು, ಮನೆಯವರು ಮನೆಯಲ್ಲೇ ಇದ್ದರು. ಫೋನುಗಳು ಒಟ್ಟಿಗೆ ಕಿರುಚಿದವು. ಅರಾಕಾವಾ ಏರುತ್ತಿದೆ ಅಂತ ಸ್ಪೀಕರಿನಲ್ಲಿ ಕೂಗುತ್ತಿದ್ದರು, ಮಳೆಯ ಸದ್ದಿಗೆ ಅರ್ಧವೂ ಕೇಳುತ್ತಿರಲಿಲ್ಲ. ಸಂಜೆ ಬಾಗಿಲು ತಟ್ಟಿದ ಸದ್ದು. ಅಜ್ಜಿ ನಿಂತಿದ್ದರು, ಬೆನ್ನಿಗೆ ಸಣ್ಣ ಚೀಲ, ಕೈಯಲ್ಲಿ ಟಾರ್ಚು, ಐದು ಮಹಡಿ ಹತ್ತಿ ಏದುಸಿರು ಬಿಡ್ತಿದ್ದಾರೆ. ನೆಲಮಹಡಿಗೆ ನೀರು ಬಂದರೆ ಅಂತ ಹೆದರಿ ನಮ್ಮ ಮನೆಗೆ ಬಂದಿದ್ದರು. ಹತ್ತಿರದಲ್ಲಿ ಅವರ ದೇಶದವರೇ, ಹಳೆಯ ಪರಿಚಯದವರು ಎಷ್ಟೋ ಮನೆ ಇದ್ದವು. ಅವರು ತಟ್ಟಿದ್ದು ನಮ್ಮ ಬಾಗಿಲು. ಅಕ್ಕಿರೊಟ್ಟಿ ಬಡಿದು ಕೊಟ್ಟೆ, ಖಾರ ಹಾಕದೆ. ಮಗನ ಪಕ್ಕ ಹಾಸಿಗೆ ಹಾಸಿದೆ. ಯಾರಿಗೂ ನಿದ್ದೆ ಬರಲಿಲ್ಲ.

ಆ ರಾತ್ರಿ ಅವರು ಗಂಡನ ವಿಷಯ ಹೇಳಿದರು. ಎರಕದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರಂತೆ. ಕವಾಗುಚಿ ಕಬ್ಬಿಣ ಎರಕ ಹೊಯ್ಯುವವರ ಊರು. 1964ರ ಟೋಕಿಯೊ ಒಲಿಂಪಿಕ್ಸಿನ ಜ್ಯೋತಿ ಉರಿದ ದೊಡ್ಡ ಪಾತ್ರೆ ಈ ಊರಲ್ಲೇ ತಯಾರಾದದ್ದು. 1958ರಲ್ಲಿ ಏಷ್ಯನ್ ಗೇಮ್ಸ್‌ಗೆ ಅಂತ ಸುಜುಕಿ ಮನ್ನೊಸುಕೆ ಅನ್ನುವ ಎರಕದವರು ಅದನ್ನ ಹೊಯ್ಯುವಾಗ ಮೊದಲ ಎರಕ ಒಡೆದುಹೋಯಿತು. ಕೆಲವೇ ದಿನಕ್ಕೆ ಅವರು ತೀರಿಕೊಂಡರು, ಮಗ ಬುಂಗೊ ಮತ್ತೆ ಹೊಯ್ದು ಮುಗಿಸಿದರು. ಆ ಒಡೆದ ಪಾತ್ರೆಯನ್ನ ಸರಿಮಾಡಿ ಕವಾಗುಚಿಯ ಆವೊಕಿಚೋ ಪಾರ್ಕಿನಲ್ಲಿ ಇಟ್ಟಿದ್ದಾರೆ. ನಾನು ಮಗನನ್ನ ಆಡಿಸೋಕೆ ಎಷ್ಟೋ ಸಲ ಅದರ ಪಕ್ಕದಲ್ಲೇ ಹೋಗಿದ್ದೆ, ಏನು ಅಂತ ಗೊತ್ತಿರಲಿಲ್ಲ. ಅವತ್ತಿನವರೆಗೆ ಯಾರಾದರೂ ಎಲ್ಲಿದ್ದೀಯಾ ಅಂದರೆ ‘ಟೋಕಿಯೊ’ ಅನ್ನುತ್ತಿದ್ದೆ. ಆಮೇಲೆ ಕವಾಗುಚಿ ಅಂತಲೇ ಹೇಳೋಕೆ ಶುರು ಮಾಡಿದೆ.

ನದಿ ನಮ್ಮ ಕಡೆ ಏರಿ ದಾಟಲಿಲ್ಲ. ಬೆಳಿಗ್ಗೆ ಬಿಸಿಲು ಬಂತು, ಅಜ್ಜಿ ಹಾಸಿಗೆ ಮಡಿಸಿಟ್ಟು ಇಳಿದುಹೋದರು. ನೀವು ಮನೆ ನೋಡುವಾಗ ನಗರಸಭೆಯ ಪ್ರವಾಹದ ನಕ್ಷೆ ಕೇಳಿ ಇಸಕೊಳ್ಳಿ, ಬೀದಿ ಬೀದಿಗೂ ಎಷ್ಟು ನೀರು ನಿಲ್ಲಬಹುದು ಅಂತ ಬಣ್ಣದಲ್ಲಿ ತೋರಿಸಿರ್ತಾರೆ. ಮಗು ಇದೆ ಅಂತ ನೆಲಮಹಡಿ ಆಸೆಪಡಬೇಡಿ.

ಮಗಳ ಶಾಲೆಯದ್ದು ಮಾತ್ರ ತಡ ಮಾಡಬೇಡಿ. 2019ರ ಅಕ್ಟೋಬರ್‌ನಿಂದ ಮೂರರಿಂದ ಐದು ವರ್ಷದ ಮಕ್ಕಳ ಶಿಶುವಿಹಾರದ ಫೀಸನ್ನ ಸರ್ಕಾರ ಭರಿಸುತ್ತೆ. ಕೆಲವು ಖಾಸಗಿ ಕಡೆ ಮಿತಿ ಇದೆ, ಊಟ, ಬಸ್ಸಿನ ಖರ್ಚು ನಮ್ಮದು. ಶಾಲೆ ಶುರುವಾಗೋದು ಏಪ್ರಿಲ್‌ನಲ್ಲಿ, ಆದರೆ ಅರ್ಜಿ ಹಿಂದಿನ ಅಕ್ಟೋಬರ್, ನವೆಂಬರ್ ಹೊತ್ತಿಗೇ ಹಾಕಬೇಕು. ಆಮೇಲೆ ಹೋದರೆ ಜಾಗ ಉಳಿದಿದ್ದರೆ ಮಾತ್ರ. ಯಜಮಾನರ ಜಾಯಿನಿಂಗ್ ತಾರೀಖು ಗೊತ್ತಾದ ದಿನವೇ ಆಫೀಸಿನವರ ಕೈಲಿ ಎರಡು ಮೂರು ‘ಯೊಚಿಯೆನ್’ಗೆ, ಅಂದರೆ ಶಿಶುವಿಹಾರಕ್ಕೆ, ಫೋನ್ ಮಾಡಿಸಿ. ಮಧ್ಯಾಹ್ನದ ಡಬ್ಬಿ ಮನೆಯಿಂದ ತರಬಹುದಾ ಅಂತ ತಪ್ಪದೆ ಕೇಳಿಸಿ, ಯಾಕಂದ್ರೆ ಅಲ್ಲಿನ ಊಟದಲ್ಲಿ ದಾಶಿ ಇದ್ದೇ ಇರುತ್ತೆ.