ಬಿತ್ತನೆಯ ಟ್ರೌಟ್‌ಗೆ ಫ್ಲೈ ಹಾಕುವಾಗ ಆಳವೇ ಮೊದಲ ಲೆಕ್ಕ

ಪ್ರಶ್ನೆ: ಉದ್ಯೋಗದ ನಿಮಿತ್ತ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕ್ಯಾಮ್‌ಲೂಪ್ಸ್‌ಗೆ ಬಂದು ನೆಲೆಸಿದ್ದೇನೆ. ಊರಿನ ಸುತ್ತಲ ಗುಡ್ಡಗಳ ಸಣ್ಣ ಸರೋವರಗಳಿಗೆ ರೇನ್‌ಬೋ ಟ್ರೌಟ್ ಮರಿಗಳನ್ನು ಬಿಡುತ್ತಾರೆಂದು ತಿಳಿದು, ಫ್ಲೈ ಅಂದರೆ ಕೀಟದಂತೆ ಕಾಣುವ ಕೃತಕ ಗಾಳವನ್ನು ಎಸೆಯುವ ಫ್ಲೈ ರಾಡ್ ಕೊಂಡೆ. ಮೇ ತಿಂಗಳಿನಲ್ಲಿ ಮೀನುಗಳು ಕಣ್ಣೆದುರೇ ನೆಗೆಯುತ್ತಿದ್ದರೂ ನನ್ನ ಫ್ಲೈ ಕಚ್ಚಲಿಲ್ಲ. ಜುಲೈ ಹೊತ್ತಿಗೆ ಮೀನಿನ ಸುಳಿವೇ ಇರಲಿಲ್ಲ. ಸಾಕಿ ಬಿಟ್ಟ ಮೀನನ್ನು ಹಿಡಿಯುವುದು ಸುಲಭ ಎನ್ನುತ್ತಾರಲ್ಲವೇ? ತಪ್ಪು ಫ್ಲೈಯದೋ, ಎಸೆತದ್ದೋ? ಈ ಮೀನು ತಿನ್ನಲು ಯೋಗ್ಯವೇ?

ಉತ್ತರ: ನಿಮ್ಮ ಫ್ಲೈ ಮತ್ತು ಎಸೆತ ಎರಡೂ ಸರಿಯಾಗಿಯೇ ಇದ್ದಿರಬಹುದು. ಫ್ಲೈ ಇದ್ದ ಆಳಕ್ಕೂ ಮೀನು ಮೇಯುತ್ತಿದ್ದ ಆಳಕ್ಕೂ ಹೊಂದಿಕೆಯಾಗಿರಲಿಲ್ಲ ಎಂಬುದೇ ನನ್ನ ಬಲವಾದ ಅನುಮಾನ.

ಮೊದಲು ಈ ಮೀನಿನ ಸ್ವಭಾವವನ್ನು ತಿಳಿಯಬೇಕು. ಮೊಟ್ಟೆಯಿಡಲು ಜಲ್ಲಿಕಲ್ಲಿನ ತೊರೆ ಇಲ್ಲದ ಅನೇಕ ಸರೋವರಗಳಲ್ಲಿ ಟ್ರೌಟ್ ತಾನಾಗಿ ಸಂತಾನ ಬೆಳೆಸಲಾರದು. ಆದ್ದರಿಂದ ಫ್ರೆಶ್‌ವಾಟರ್ ಫಿಶರೀಸ್ ಸೊಸೈಟಿ ಆಫ್ ಬಿ.ಸಿ. ಎಂಬ ಸಂಸ್ಥೆಯು ಪ್ರಾಂತ್ಯದ ಸುಮಾರು 800 ಸರೋವರಗಳಿಗೆ ಮೀನುಮರಿಗಳನ್ನು ಬಿಡುತ್ತದೆ. ಆದರೆ ಬಿಡುವ ಮರಿಗಳೆಲ್ಲ ಒಂದೇ ತಳಿಯವಲ್ಲ. ಪೆನಾಸ್ಕ್ ಸರೋವರದ ಕಾಡುಮೀನಿನ ಮೊಟ್ಟೆಗಳಿಂದ ಬಂದ ತಳಿಯು ಮುಖ್ಯವಾಗಿ ಕೀಟಗಳನ್ನೇ ತಿಂದು ಬೆಳೆಯುತ್ತದೆ, ಗಾಳಕ್ಕೆ ಸಿಕ್ಕರೆ ಎತ್ತರಕ್ಕೆ ನೆಗೆಯುತ್ತದೆ. ಬ್ಲ್ಯಾಕ್‌ವಾಟರ್ ತಳಿಯು ಸಣ್ಣ ಮೀನುಗಳನ್ನೂ ಹಿಡಿದು ತಿನ್ನುವುದರಿಂದ ಇತರ ಜಾತಿಯ ಮೀನುಗಳಿರುವ ನೀರಿಗೆ ಹೊಂದುತ್ತದೆ. ಪಟ್ಟಣದ ಕೊಳಗಳಿಗೆ ಹಿಡಿಯುವ ಗಾತ್ರಕ್ಕೆ ಬೆಳೆಸಿಯೇ ಬಿಡುವ ಮೀನಿಗೆ ‘ಸುಲಭ’ ಎಂಬ ಮಾತು ಒಪ್ಪುತ್ತದೆ. ಗುಡ್ಡದ ಸರೋವರಕ್ಕೆ ಎಳೆಯದಾಗಿ ಬಂದು ಎರಡು ಮೂರು ವರ್ಷ ಅಲ್ಲಿನ ಹುಳುಗಳನ್ನೇ ತಿಂದು ಬೆಳೆದ ಮೀನು ಮಾತ್ರ ನಡವಳಿಕೆಯಲ್ಲಿ ಕಾಡುಮೀನಿಗಿಂತ ಬೇರೆಯಲ್ಲ. ಯಾವ ಸರೋವರಕ್ಕೆ ಯಾವ ವರ್ಷ ಯಾವ ತಳಿಯ ಎಷ್ಟು ಮರಿಗಳನ್ನು ಬಿಟ್ಟಿದ್ದಾರೆ ಎಂಬ ದಾಖಲೆಯನ್ನು ಆ ಸಂಸ್ಥೆಯೇ ಪ್ರಕಟಿಸುತ್ತದೆ. ಹೊರಡುವ ಮುನ್ನ ಅದನ್ನು ಓದಿ.

ಈಗ ಮೇ ತಿಂಗಳ ವಿಷಯಕ್ಕೆ ಬರೋಣ. ಆ ಕಾಲದಲ್ಲಿ ಈ ಸರೋವರಗಳ ಮುಖ್ಯ ಆಹಾರ ಕೈರೊನೊಮಿಡ್, ಅಂದರೆ ಸೊಳ್ಳೆಯಂತೆ ಕಂಡರೂ ಕಚ್ಚದ ಒಂದು ಕೀಟ. ಅದರ ಮರಿಹುಳು ತಳದ ಕೆಸರಿನಲ್ಲಿ ವಾಸಿಸುತ್ತದೆ. ಹಿಮೋಗ್ಲೋಬಿನ್ ಇರುವುದರಿಂದ ಹಲವು ಮರಿಹುಳುಗಳು ಕೆಂಪಗಿರುತ್ತವೆ. ಅದು ಕೋಶಾವಸ್ಥೆಗೆ ತಲುಪಿದ ಮೇಲೆ ಮೈಯೊಳಗೆ ಅನಿಲ ತುಂಬಿಕೊಂಡು, ಬೆಳ್ಳಗೆ ಹೊಳೆಯುತ್ತ, ಬಹಳ ನಿಧಾನವಾಗಿ ಮೇಲಕ್ಕೇರುತ್ತದೆ. ಟ್ರೌಟ್‌ಗಳು ಈ ಏರಿಕೆಯ ಆರಂಭದಲ್ಲೇ, ತಳದಿಂದ ಒಂದೆರಡು ಅಡಿಯೊಳಗೆ, ಹೆಚ್ಚು ಶ್ರಮವಿಲ್ಲದೆ ಅವನ್ನು ನುಂಗುತ್ತ ಇರುತ್ತವೆ. ಮೇಲೆ ನೆಗೆಯುವ ಮೀನನ್ನು ಕಂಡು ಅಲ್ಲೇ ಆಹಾರವಿದೆ ಎಂದು ಭಾವಿಸುವುದು ಸಹಜ, ಆದರೆ ಬಹುಪಾಲು ಮೇವು ನಡೆಯುವುದು ಕೆಳಗೆ.

ಆದ್ದರಿಂದ ಮೂರರಿಂದ ಆರು ಮೀಟರ್ ಆಳದಲ್ಲಿರುವ ನೀರಿನಡಿಯ ದಿಬ್ಬವೊಂದನ್ನು ಆರಿಸಿಕೊಂಡು, ದೋಣಿಯ ಎರಡೂ ತುದಿಗಳಿಗೆ ಲಂಗರು ಹಾಕಿ. ಒಂದೇ ಲಂಗರಾದರೆ ಗಾಳಿಗೆ ದೋಣಿ ತೂಗಾಡಿ ಫ್ಲೈ ಅಸಹಜವಾಗಿ ಎಳೆದಾಡುತ್ತದೆ. ಐದು ಅಥವಾ ಆರನೆಯ ತೂಕದ (ರಾಡ್ ಯಾವ ಲೈನಿಗೆ ಹೊಂದುತ್ತದೆಂದು ತೋರಿಸುವ ಸಂಖ್ಯೆ) ಒಂಬತ್ತು ಅಡಿಯ ರಾಡ್, ತೇಲುವ ಲೈನ್ ಮತ್ತು ಉದ್ದನೆಯ ಲೀಡರ್ (ಲೈನಿನ ತುದಿಗೂ ಫ್ಲೈಗೂ ನಡುವಿನ ತೆಳು ದಾರ) ಸಾಕು. ಮುಖ್ಯ ಕೆಲಸವೆಂದರೆ ಆಳ ಅಳೆಯುವುದು. ಗಾಳ ಕಳಚಲು ಬಳಸುವ ಉಕ್ಕಿನ ಚಿಮಟವನ್ನು ಫ್ಲೈಗೆ ಕಚ್ಚಿಸಿ ದೋಣಿಯ ಪಕ್ಕದಲ್ಲೇ ನೀರಿಗಿಳಿಸಿ, ತಳ ಮುಟ್ಟಿ ದಾರ ನೆಟ್ಟಗಾದಾಗ ನೀರಿನ ಮಟ್ಟದಿಂದ ಸುಮಾರು 30 ಸೆಂಟಿಮೀಟರ್ ಕೆಳಗೆ ಇಂಡಿಕೇಟರ್ (ಮೀನು ಕಚ್ಚಿದ್ದನ್ನು ತೋರಿಸುವ ತೇಲುಬುರುಡೆ) ಕಟ್ಟಿ. ಆಗ ಫ್ಲೈ ತಳದಿಂದ ಅಷ್ಟೇ ಮೇಲೆ ನಿಲ್ಲುತ್ತದೆ. ನಂತರ ಎಸೆದು, ಫ್ಲೈ ಪೂರ್ತಿ ಇಳಿಯುವವರೆಗೆ ಕಾಯಿರಿ. ಸುಮ್ಮನೆ ಬಿಡಿ, ಅಥವಾ ಬೆರಳಿನಿಂದ ಕೆಲವೇ ಅಂಗುಲ ಎಳೆದು ಮತ್ತೆ ನಿಲ್ಲಿಸಿ. ಹೊಸಬರು ಸೋಲುವುದು ಹೆಚ್ಚಾಗಿ ಈ ನಿಧಾನದಲ್ಲೇ, ಏಕೆಂದರೆ ಲೈನನ್ನು ಎಳೆಯದೆ ಇರುವುದು ಕೈಗೆ ಒಗ್ಗುವುದು ತಡ. ಕಪ್ಪು ಅಥವಾ ಕಡುಗೆಂಪು ಮೈಯ, ತಲೆಯಲ್ಲಿ ಬಿಳಿ ಮಣಿಯಿರುವ ಕೋಶದ ಮಾದರಿಯಿಂದ ಆರಂಭಿಸಿ. ಅರ್ಧ ಗಂಟೆ ಕಚ್ಚದಿದ್ದರೆ ಬಣ್ಣ ಬದಲಿಸುವ ಮೊದಲು ಆಳವನ್ನು ಬದಲಿಸಿ.

ಕಾಲದ ಲೆಕ್ಕವೂ ಇದೆ. ಹಿಮಗಡ್ಡೆ ಕರಗಿದೊಡನೆ ಮೇಲ್ಮೈ ನೀರು 4 ಡಿಗ್ರಿ ಸೆಲ್ಸಿಯಸ್ ತಲುಪಿ ಅತ್ಯಂತ ಭಾರವಾಗುವುದರಿಂದ, ಗಾಳಿಯ ನೆರವಿನಿಂದ ಇಡೀ ಸರೋವರ ತಲೆಕೆಳಗಾಗಿ ಕಲಕುತ್ತದೆ. ಚಳಿಗಾಲವಿಡೀ ತಳದಲ್ಲಿದ್ದ ಆಮ್ಲಜನಕ ಕಡಿಮೆಯ ನೀರು ಎಲ್ಲೆಡೆ ಬೆರೆಯುವ ಆ ದಿನಗಳಲ್ಲಿ ಮೀನು ಮಂಕಾಗಿರುತ್ತದೆ. ತಗ್ಗಿನ ಸರೋವರಗಳಲ್ಲಿ ಇದು ಏಪ್ರಿಲ್‌ನಲ್ಲೇ ಮುಗಿದರೆ, ಎತ್ತರದವುಗಳಲ್ಲಿ ಮೇ ತಿಂಗಳ ಕೊನೆಯವರೆಗೂ ಹೋಗಬಹುದು. ಹೀಗಾಗಿ ವಸಂತ ಮುಂದುವರಿದಂತೆ ಗುಡ್ಡ ಹತ್ತುತ್ತ ಹೋಗುವವರಿಗೆ ಒಳ್ಳೆಯ ಕಾಲ ವಾರಗಟ್ಟಲೆ ಸಿಗುತ್ತದೆ.

ಜುಲೈಯಲ್ಲಿ ಮೀನು ಕಾಣದ್ದಕ್ಕೆ ಕಾರಣ ಶಾಖ. ಮೇಲಿನ ನೀರು 20 ಡಿಗ್ರಿ ದಾಟಿದರೆ ಟ್ರೌಟ್‌ಗೆ ಸಂಕಟ, ತೀರ ಕೆಳಗೆ ಆಮ್ಲಜನಕ ಸಾಲದು. ಅದು ನಡುವಿನ ಪದರದಲ್ಲಿ ಸೇರಿಕೊಳ್ಳುತ್ತದೆ. ಅಂಥ ದಿನಗಳಲ್ಲಿ ಹಿಡಿದು ಬಿಟ್ಟ ಮೀನು ಈಜಿ ಹೋದಂತೆ ಕಂಡರೂ ಬಳಿಕ ಸಾಯುವ ಸಂಭವ ಹೆಚ್ಚಾದ್ದರಿಂದ, ಬಿಸಿ ನೀರಿನಲ್ಲಿ ಹಿಡಿದು ಬಿಡುವ ಆಟವನ್ನು ಆಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಎತ್ತರದ ತಣ್ಣನೆಯ ಸರೋವರಕ್ಕೆ ಹೋಗಿ, ಇಲ್ಲವೇ ಸೆಪ್ಟೆಂಬರ್‌ವರೆಗೆ ಕಾಯಿರಿ.

ತಿನ್ನಲು ಈ ಮೀನು ಯೋಗ್ಯವೇ ಸರಿ, ರುಚಿಯೂ ಚೆನ್ನ. ಸಿಗಡಿಯ ಬಳಗದ ಸಣ್ಣ ಜೀವಿಗಳನ್ನು ತಿಂದ ಮೀನಿನ ಮಾಂಸ ಕಿತ್ತಳೆಗೆಂಪಾಗಿರುತ್ತದೆ. ಬೇಸಿಗೆಯಲ್ಲಿ ನೀರು ಪಾಚಿಗಟ್ಟಿದಾಗ ಮಾತ್ರ ಮಣ್ಣಿನ ವಾಸನೆ ಬರಬಹುದು. ಹಿಡಿದ ಕೂಡಲೇ ಕೊಂದು, ಕರುಳು ತೆಗೆದು ಮಂಜುಗಡ್ಡೆಯಲ್ಲಿಡಿ.

ಹದಿನಾರು ತುಂಬಿದವರಿಗೆ ಪರವಾನಗಿ ಕಡ್ಡಾಯ. ಅದರ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಕೆಲವು ಸರೋವರಗಳಲ್ಲಿ ಜೀವಂತವಲ್ಲದ ಎರೆಗೂ ನಿಷೇಧವಿರುತ್ತದೆ, ಕೆಲವೆಡೆ ಮುಳ್ಳಿಲ್ಲದ ಒಂಟಿ ಗಾಳವನ್ನಷ್ಟೇ ಬಳಸಬೇಕಾಗುತ್ತದೆ. ಆ ವರ್ಷದ ನಿಯಮಪುಸ್ತಕದಲ್ಲಿ ನೀವು ಹೋಗುವ ಸರೋವರದ ಹೆಸರನ್ನು ಹುಡುಕಿ ನೋಡಿ, ಮತ್ತು ಮೇ ತಿಂಗಳ ನೀರು ಪ್ರಾಣ ತೆಗೆಯುವಷ್ಟು ತಣ್ಣಗಿರುವುದರಿಂದ ದೋಣಿಯಲ್ಲಿ ಲೈಫ್ ಜಾಕೆಟ್ಟನ್ನು ಬದಿಗಿಡದೆ ತೊಟ್ಟುಕೊಂಡೇ ಕುಳಿತುಕೊಳ್ಳಿ.