ಸಂಪಾದಕರ ಉತ್ತರ: ಟಿವಿ ಗೇಮ್‌ನಲ್ಲಿ ಅಜ್ಜಿಯ ಫೋಟೊ

ಧಾರವಾಡದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ. ಪತ್ರದ ಸಾರ ಇಷ್ಟು. ಅಟ್ಟ ಸ್ವಚ್ಛ ಮಾಡುವಾಗ ತೊಂಬತ್ತರ ದಶಕದ ಟಿವಿ ಗೇಮ್ ಸಿಕ್ಕಿತು. ಅದನ್ನು ಕೊಡಿಸಿದ್ದು ಅವರ ಅಜ್ಜಿ. ಅಜ್ಜಿ ಈಗಿಲ್ಲ. ಸ್ಟುಡಿಯೋದಲ್ಲಿ ತೆಗೆಸಿದ ಒಂದು ಕಪ್ಪು ಬಿಳುಪು ಫೋಟೊ ಇದೆ: ಕಸೂತಿ ಹಾಕಿದ ಇಳಕಲ್ ಸೀರೆ, ಮೂಗುತಿ, ಹಣೆಯಲ್ಲಿ ದೊಡ್ಡ ಕುಂಕುಮ. ಆ ಫೋಟೊ ಆ ಯಂತ್ರದಲ್ಲೇ ಕಾಣಬೇಕು ಎನ್ನುವುದು ಅವರ ಆಸೆ. ಫೋಟೊ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಬಣ್ಣ ತುಂಬಿ, ಫೋಟೊವನ್ನು ಈ ಯಂತ್ರಕ್ಕೆ ಹೊಂದುವ ಚಿತ್ರವಾಗಿ ಬದಲಿಸುವ, ಇಂಟರ್ನೆಟ್ಟಿನಲ್ಲಿ ಸಿಕ್ಕ ಒಂದು ಪರಿವರ್ತಕ ತಂತ್ರಾಂಶಕ್ಕೆ ಕೊಟ್ಟರು. ಅರ್ಧ ಚಿತ್ರ ಚೆಲ್ಲಾಪಿಲ್ಲಿಯಾಯಿತು. ಕೆನ್ನೆಯ ಮೇಲೆ ಸೀರೆಯ ಹಸಿರು ಚೌಕ ಚೌಕವಾಗಿ ಬಂತು. "ಈ ಯಂತ್ರಕ್ಕೆ ಫೋಟೊ ತೋರಿಸುವ ಶಕ್ತಿಯೇ ಇಲ್ಲವೇ? ಕ್ಯಾಸೆಟ್ ಒಳಗೆ ಈಗಿನ ಒಂದು ಪುಟ್ಟ ಕಂಪ್ಯೂಟರ್ ಕೂರಿಸಿಬಿಡಲೇ?" ಎಂದು ಕೇಳಿದ್ದಾರೆ.

ಪ್ರಿಯ ಓದುಗರೇ,

ಶಕ್ತಿ ಇದೆ. ಖಂಡಿತ ಇದೆ. ಆದರೆ ಆ ಯಂತ್ರ ಫೋಟೊವನ್ನು ಫೋಟೊ ಅಂತ ನೋಡುವುದಿಲ್ಲ. ಅದಕ್ಕೆ ಗೊತ್ತಿರುವುದು ಸಣ್ಣ ಸಣ್ಣ ಚೌಕಗಳು ಮತ್ತು ಅವನ್ನು ಜೋಡಿಸುವ ಕ್ರಮ, ಅಷ್ಟೇ. ಫೋಟೊವನ್ನು ಕುಗ್ಗಿಸಿ ಒಳಗೆ ತುರುಕಲು ಹೋದರೆ ಕೆಡುತ್ತದೆ. ಚೌಕಗಳಲ್ಲಿ ಹೊಸದಾಗಿ ಕಟ್ಟಿದರೆ ನಿಲ್ಲುತ್ತದೆ. ನಿಮ್ಮ ಅಜ್ಜಿಯ ಸೀರೆಯ ಕಸೂತಿಯನ್ನೇ ನೋಡಿ. ಬಟ್ಟೆಯ ಎಳೆ ಎಣಿಸಿ ಹಾಕಿದ ಕೆಲಸ ಅದು. ಅವರಿಗೆ ಈ ಯಂತ್ರದ ಕಷ್ಟವನ್ನು ವಿವರಿಸಿದ್ದರೆ ನನಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತಿದ್ದರು.

ನಿಮ್ಮ ಹತ್ತಿರ ಇರುವುದು ಜಪಾನಿನ ಫ್ಯಾಮಿಕಾಮ್ ಎಂಬ ಟಿವಿ ಗೇಮ್ ಯಂತ್ರದ ನಕಲು. ನಿಂಟೆಂಡೊ ಕಂಪನಿ ಆ ಮೂಲ ಯಂತ್ರವನ್ನು 1983ರ ಜುಲೈನಲ್ಲಿ ಹೊರತಂದಿತು. 1985ರಲ್ಲಿ ಅಮೆರಿಕಕ್ಕೆ ಹೋದಾಗ ಎನ್‌ಇಎಸ್ ಎಂಬ ಹೆಸರು ಬಂತು. ನಮ್ಮ ಮನೆಗಳಿಗೆ ತೊಂಬತ್ತರ ದಶಕದಲ್ಲಿ ಬಂದದ್ದು ಹೆಚ್ಚಾಗಿ ಇದರ ನಕಲುಗಳೇ. ನಕಲಾದರೂ ಒಳಗಿನ ಲೆಕ್ಕಾಚಾರ ಒಂದೇ. ಹಾಗಾಗಿ ಇವತ್ತು ಜಗತ್ತಿನ ಎಲ್ಲೆಲ್ಲೋ ಕೂತು ಹವ್ಯಾಸಕ್ಕೆ ಎನ್‌ಇಎಸ್ ಪ್ರೋಗ್ರಾಮ್ ಬರೆಯುವವರ ಕೆಲಸವೆಲ್ಲ ನಿಮಗೂ ಉಪಯೋಗಕ್ಕೆ ಬರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಪರದೆ 256 ಚುಕ್ಕಿ ಅಗಲ, 240 ಚುಕ್ಕಿ ಎತ್ತರ. ಒಟ್ಟು 61,440 ಚುಕ್ಕಿ. ಒಂದೊಂದಕ್ಕೂ ನಾಲ್ಕರಲ್ಲಿ ಒಂದು ಬಣ್ಣ ಅಂತ ಇಟ್ಟುಕೊಂಡರೂ 15,360 ಬೈಟ್ ಬೇಕು. ಯಂತ್ರದಲ್ಲಿ ಚಿತ್ರಕ್ಕೆಂದು ಇರುವ ಮೆಮೊರಿ 2,048 ಬೈಟ್ ಮಾತ್ರ. ಇಡೀ ಚಿತ್ರ ಕೂರುವ ಜಾಗವೇ ಅಲ್ಲಿ ಇಲ್ಲ. ಹಾಗಾಗಿ ಅದನ್ನು ಕಟ್ಟಿದವರು ಬೇರೆ ದಾರಿ ಹಿಡಿದರು. 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಚೌಕಗಳು, ಅಂದರೆ ಟೈಲ್‌ಗಳು, ಕ್ಯಾಸೆಟ್‌ನ ಚಿಪ್‌ನಲ್ಲಿ ಇರುತ್ತವೆ. ಒಂದು ಟೈಲ್‌ಗೆ 16 ಬೈಟ್. ಒಂದು ಗುಂಪಿನಲ್ಲಿ 256 ಟೈಲ್, ಅಂಥ ಎರಡು ಗುಂಪು. ಯಂತ್ರದ ಮೆಮೊರಿಯಲ್ಲಿ ಇರುವುದು ಯಾವ ಜಾಗದಲ್ಲಿ ಯಾವ ಸಂಖ್ಯೆಯ ಟೈಲ್ ಎನ್ನುವ ಪಟ್ಟಿ ಮಾತ್ರ. ಟಿವಿಯ ಮೇಲೆ ಗೆರೆ ಎಳೆಯುತ್ತ ಹೋಗುವಾಗಲೇ ಆ ಪಟ್ಟಿ ಓದಿ, ಟೈಲ್ ತಂದು, ಬಣ್ಣ ಹಚ್ಚುತ್ತದೆ.

ನಿಮ್ಮ ಚಿತ್ರ ಅರ್ಧಕ್ಕೆ ಚೆಲ್ಲಾಪಿಲ್ಲಿ ಆದದ್ದು ಇಲ್ಲೇ. ಪರದೆ ತುಂಬ ಜಾಗಗಳು 32 ಅಡ್ಡ, 30 ಉದ್ದ, ಒಟ್ಟು 960. ಫೋಟೊದಲ್ಲಿ ಒಂದು ಚೌಕದ ಹಾಗೆ ಇನ್ನೊಂದು ಇರುವುದಿಲ್ಲ, ಅಲ್ವಾ? ಗೇಮ್‌ನಲ್ಲಿ ಒಂದೇ ಇಟ್ಟಿಗೆ, ಒಂದೇ ಮೋಡ ನೂರು ಸಲ ಬರುತ್ತದೆ. ಅಜ್ಜಿಯ ಮುಖದಲ್ಲಿ ಯಾವುದೂ ಎರಡು ಸಲ ಬರುವುದಿಲ್ಲ. 960 ಬೇರೆ ಬೇರೆ ಟೈಲ್ ಬೇಕು, ಹಿನ್ನೆಲೆಯ ಚಿತ್ರಕ್ಕೆ ಒಂದು ಸಲಕ್ಕೆ ಕೈಗೆ ಸಿಗುವುದು ಒಂದೇ ಗುಂಪು, ಅಂದರೆ 256. ಪರಿವರ್ತಕಕ್ಕೆ ಟೈಲ್ ಮುಗಿದುಹೋಗಿವೆ. ಗೆರೆ ಎಳೆಯುತ್ತಿರುವಾಗಲೇ ನಡುವೆ ಟೈಲ್ ಗುಂಪು ಬದಲಿಸುವ ಉಪಾಯವೂ ಇದೆ. 8 ಸಾಲು ಟೈಲ್ ಎಂದರೆ ಸರಿಯಾಗಿ 256. ಎಂಎಂಸಿ3 ಎಂಬ ಹೆಚ್ಚುವರಿ ಚಿಪ್ ಇರುವ ಕ್ಯಾಸೆಟ್ ಆದರೆ ಪ್ರತಿ 8 ಸಾಲಿಗೊಮ್ಮೆ ಬದಲಿಸುತ್ತ ಪರದೆ ತುಂಬ ಫೋಟೊ ತೋರಿಸಬಹುದು. ಆದರೆ ಮೊದಲ ಪ್ರಯತ್ನಕ್ಕೆ ಅದು ಬೇಡ. ಸಮಯ ಸ್ವಲ್ಪ ಆಚೀಚೆ ಆದರೂ ಚಿತ್ರ ನಡುಗುತ್ತದೆ.

ನನ್ನ ಸಲಹೆ ಬೇರೆ. ಪರದೆ ತುಂಬುವ ಆಸೆ ಬಿಡಿ. 1998ರಲ್ಲಿ ನಿಂಟೆಂಡೊ ಗೇಮ್ ಬಾಯ್ ಕ್ಯಾಮೆರಾ ತಂದಾಗ ಫೋಟೊದ ಅಳತೆ 128 ಅಗಲ, 112 ಎತ್ತರ ಇಟ್ಟಿತು. ಬಣ್ಣ ನಾಲ್ಕೇ ಛಾಯೆ. ಲೆಕ್ಕ ಹಾಕಿ: 16 ಅಡ್ಡ, 14 ಉದ್ದ, 224 ಟೈಲ್. 256ರೊಳಗೆ ಸಲೀಸಾಗಿ ಕೂರುತ್ತದೆ, 32 ಟೈಲ್ ಉಳಿಯುತ್ತವೆ. ಅಜ್ಜಿಯದು ನಿಲುವಿನ ಫೋಟೊ. ಹಾಗಾಗಿ ಅದೇ ಅಳತೆಯನ್ನು ತಿರುಗಿಸಿ, 112 ಅಗಲ, 128 ಎತ್ತರ. ಗೋಡೆಯ ಮೇಲೆ ಚೌಕಟ್ಟು ಹಾಕಿದ ಫೋಟೊದ ಹಾಗೆ ಸುತ್ತಲೂ ಕಪ್ಪು ಬಿಡಿ. ನೋಡಲೂ ಚೆನ್ನಾಗಿರುತ್ತದೆ.

ಇನ್ನು ಕೆನ್ನೆಯ ಹಸಿರು. ಹಿನ್ನೆಲೆಗೆ ನಾಲ್ಕು ಪ್ಯಾಲೆಟ್, ಅಂದರೆ ಬಣ್ಣಗಳ ಗುಂಪು, ಇವೆ. ಒಂದೊಂದರಲ್ಲೂ ಮೂರು ಸ್ವಂತ ಬಣ್ಣ, ಜೊತೆಗೆ ಎಲ್ಲಕ್ಕೂ ಸೇರಿ ಒಂದು. ಒಟ್ಟು 13 ಬಣ್ಣ. ಆದರೆ ಯಾವ ಪ್ಯಾಲೆಟ್ ಎನ್ನುವುದನ್ನು ಚುಕ್ಕಿಗೊಂದು, ಟೈಲ್‌ಗೊಂದು ಅಂತ ಆರಿಸುವ ಹಾಗಿಲ್ಲ. 16 ಚುಕ್ಕಿ ಅಗಲ, 16 ಚುಕ್ಕಿ ಎತ್ತರದ ಚೌಕಕ್ಕೆ ಒಂದೇ ಪ್ಯಾಲೆಟ್. ಈ ವಿವರವನ್ನೆಲ್ಲ 64 ಬೈಟ್‌ನಲ್ಲಿ ಮುಗಿಸಿದ್ದಾರೆ. ಕೆನ್ನೆಯೂ ಸೆರಗೂ ಒಂದೇ ಚೌಕದಲ್ಲಿ ಬಂದರೆ ಇಬ್ಬರಲ್ಲಿ ಒಬ್ಬರು ಸೋಲಲೇಬೇಕು. ನಿಮ್ಮ ಪರಿವರ್ತಕ ಅಲ್ಲಿ ಸೀರೆಯನ್ನು ಗೆಲ್ಲಿಸಿದೆ.

ಅದಕ್ಕೇ ಹೇಳುತ್ತೇನೆ, ನೀವು ತುಂಬಿದ ಬಣ್ಣವನ್ನು ತೆಗೆದುಬಿಡಿ. ಫೋಟೊ ಇದ್ದ ಹಾಗೆಯೇ ಇರಲಿ. ಈ ಯಂತ್ರದ ಬಣ್ಣಗಳ ಪಟ್ಟಿಯಲ್ಲಿ ಕಪ್ಪಿಗೆ 0ಎಫ್, ಗಾಢ ಬೂದಿಗೆ 00, ತಿಳಿ ಬೂದಿಗೆ 10, ಬಿಳಿಗೆ 30 ಎಂಬ ಸಂಖ್ಯೆಗಳಿವೆ. ಇಲ್ಲಿ ಬರುವ ಬಣ್ಣದ ಸಂಖ್ಯೆಗಳು, ಮುಂದೆ ಬರುವ ವಿಳಾಸಗಳು ಎಲ್ಲವೂ ಹೆಕ್ಸಾಡೆಸಿಮಲ್, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದವು. ನಾಲ್ಕು ಛಾಯೆ, ಒಂದೇ ಪ್ಯಾಲೆಟ್. ಕಪ್ಪು ಬಿಳುಪು ಫೋಟೊಗೆ ಹೇಳಿ ಮಾಡಿಸಿದ ಹಾಗೆ. ಚೌಕಗಳ ಜಗಳವೇ ಇಲ್ಲ. ಒಂದು ಎಚ್ಚರಿಕೆ: ಪಟ್ಟಿಯಲ್ಲಿ 0ಡಿ ಎಂಬ ಇನ್ನೊಂದು ಕಪ್ಪು ಇದೆ. ಅದನ್ನು ಮುಟ್ಟಬೇಡಿ. ಅದು ಕಪ್ಪಿಗಿಂತ ಕೆಳಗೆ ಇಳಿಯುತ್ತದೆ, ಕೆಲವು ಟಿವಿಗಳಲ್ಲಿ ಚಿತ್ರವೇ ಅಲುಗಾಡುತ್ತದೆ.

ಫೋಟೊ ಕತ್ತರಿಸುವ ಮೊದಲು ಇನ್ನೊಂದು ಮಾತು. ಈ ಯಂತ್ರದ ಚುಕ್ಕಿ ಚೌಕವಾಗಿಲ್ಲ. ನಮ್ಮ ದೇಶದ ಪಾಲ್ ಪದ್ಧತಿಯ ಟಿವಿಯಲ್ಲಿ ಎತ್ತರ 1 ಆದರೆ ಅಗಲ ಸುಮಾರು 1.4. ಹಾಗೇ ಹಾಕಿದರೆ ಅಜ್ಜಿಯ ಮುಖ ಊದಿಕೊಂಡ ಹಾಗೆ ಕಾಣುತ್ತದೆ. ಮೊದಲು ಫೋಟೊವನ್ನು ಅಗಲ 6, ಎತ್ತರ 5ರ ಲೆಕ್ಕದಲ್ಲಿ ಕತ್ತರಿಸಿ, ಆಮೇಲೆ 112ಕ್ಕೆ 128 ಮಾಡಿ. ಕಂಪ್ಯೂಟರಿನಲ್ಲಿ ಮುಖ ಕೃಶವಾಗಿ ಕಾಣುತ್ತದೆ, ಗಾಬರಿ ಬೇಡ. ಟಿವಿಯಲ್ಲಿ ಸರಿಹೋಗುತ್ತದೆ.

ಈಗ ನನಗೆ ಅತಿ ಮುಖ್ಯ ಎನಿಸುವ ಕೆಲಸ. ಪರಿವರ್ತಕ ಮಾಡುವುದು ಸರಾಸರಿ. ಮೂಲ ಫೋಟೊದ ಎಷ್ಟೋ ಚುಕ್ಕಿಗಳನ್ನು ಸೇರಿಸಿ ಒಂದು ಮಾಡುತ್ತದೆ. ಮೂಗುತಿಯ ಹೊಳಪು ಪಕ್ಕದ ಕೆನ್ನೆಯ ಜೊತೆ ಬೆರೆತು ಬೂದಿಯಾಗುತ್ತದೆ. ಮೂಗುತಿ ಇಲ್ಲದೆ ಅವರು ನಿಮ್ಮ ಅಜ್ಜಿ ಆಗುತ್ತಾರೆಯೇ? ಪರಿವರ್ತಕಕ್ಕೆ ಅದು ಗೊತ್ತಿಲ್ಲ, ನಿಮಗೆ ಗೊತ್ತು. ಆದ್ದರಿಂದ ಅದು ಕೊಟ್ಟದ್ದನ್ನು ಕರಡು ಅಂತ ಮಾತ್ರ ಇಟ್ಟುಕೊಳ್ಳಿ. ಎನ್‌ಇಎಸ್ ಸ್ಕ್ರೀನ್ ಟೂಲ್ ಎಂಬ ಉಚಿತ ತಂತ್ರಾಂಶದಲ್ಲಿ ಆ 224 ಟೈಲ್ ತೆರೆಯಿರಿ. ಒಂದೊಂದು ಚುಕ್ಕಿಯನ್ನೂ ತಿದ್ದಬಹುದು. ಕಣ್ಣಿಗೆ ಸಿಗುವುದು ಹೆಚ್ಚೆಂದರೆ ಒಂದು ಟೈಲ್. ಅದರಲ್ಲಿ ರೆಪ್ಪೆಯ ಗೆರೆ ಕಪ್ಪು, ಗುಡ್ಡೆ ಕಪ್ಪು, ಪಕ್ಕದಲ್ಲಿ ಎರಡು ಬಿಳಿ ಚುಕ್ಕಿ. ಮೂಗುತಿಗೆ ಒಂದೇ ಒಂದು ಬಿಳಿ ಚುಕ್ಕಿ, ಅದರ ಕೆಳಗೆ ಒಂದು ಕಪ್ಪು. ಬಾಯಿಯ ತುದಿ ಒಂದು ಚುಕ್ಕಿ ಮೇಲೆ ಹೋದರೆ ನಗು, ಕೆಳಗೆ ಬಂದರೆ ಬೇಸರ. ಮೂಲ ಫೋಟೊ ಪಕ್ಕದಲ್ಲಿಟ್ಟುಕೊಂಡು ನಿಧಾನವಾಗಿ ಮಾಡಿ. ಕಣ್ಣು, ಮೂಗು, ಬಾಯಿ ಸೇರಿ ಹತ್ತು ಹನ್ನೆರಡು ಟೈಲ್ ಇದ್ದಾವು. ಅದಕ್ಕೆ ಎರಡು ಸಂಜೆ ಕೊಟ್ಟರೂ ಜಾಸ್ತಿ ಅಲ್ಲ.

ಸೀರೆಯ ಕಸೂತಿ ಈ ಅಳತೆಯಲ್ಲಿ ಉಳಿಯುವುದಿಲ್ಲ. ಅದನ್ನು ನೀವೇ ಹಾಕಿ. ಒಂದು ಗೋಪುರದ ಚಿತ್ತಾರ 8 ಚುಕ್ಕಿಯ ಟೈಲ್‌ನಲ್ಲಿ ಚಂದವಾಗಿ ಕೂರುತ್ತದೆ. ಅದೇ ಟೈಲನ್ನು ಸೆರಗಿನ ಉದ್ದಕ್ಕೂ ಜೋಡಿಸಿ. ಮತ್ತೆ ಮತ್ತೆ ಬಳಸಿದ್ದಕ್ಕೆ ಈ ಯಂತ್ರ ಏನೂ ಕೇಳುವುದಿಲ್ಲ.

ಬೂದಿ ಛಾಯೆಗಳ ನಡುವೆ ಚುಕ್ಕಿ ಬೆರೆಸುವುದಕ್ಕೆ ಡಿದರಿಂಗ್ ಎನ್ನುತ್ತಾರೆ. ಹಿಂದಿನ ಪರದೆ, ಸೀರೆಯ ಮಡಿಕೆಗಳಲ್ಲಿ ಅದು ಇರಲಿ. ಹಳೆಯ ಡಬ್ಬಾ ಟಿವಿಯಲ್ಲಿ ಆ ಚುಕ್ಕಿಗಳು ಒಂದಕ್ಕೊಂದು ಮೆತ್ತಗೆ ಬೆರೆತು ನಿಜವಾದ ಛಾಯೆಯಂತೆ ಕಾಣುತ್ತವೆ. ಮುಖದ ಮೇಲೆ ಮಾತ್ರ ಕಡಿಮೆ ಮಾಡಿ.

ಪ್ರೋಗ್ರಾಮ್ ಬಗ್ಗೆ ಹೆದರಬೇಡಿ. ಸಿಸಿ65 ಎಂಬ ಉಚಿತ ಸಲಕರಣೆಯಲ್ಲಿ 6502 ಅಸೆಂಬ್ಲಿ, ಅಂದರೆ ಈ ಯಂತ್ರದ ಪ್ರೊಸೆಸರಿಗೆ ನೇರ ಆದೇಶ ಕೊಡುವ ಭಾಷೆ, ಬರೆಯಬಹುದು. ಮಾಡುವ ಕೆಲಸ ತೀರ ಸ್ವಲ್ಪ. ಯಂತ್ರ ಎಚ್ಚರವಾಗಲು ಎರಡು ವಿ-ಬ್ಲ್ಯಾಂಕ್, ಅಂದರೆ ಪರದೆಯ ಗೆರೆಗಳು ಮುಗಿದ ಮೇಲಿನ ಬಿಡುವು, ಕಾಯಬೇಕು. ಚಿತ್ರ ಎಳೆಯುವುದನ್ನು ನಿಲ್ಲಿಸಿಟ್ಟು, 2006ನೇ ವಿಳಾಸದ ಮೂಲಕ ಜಾಗ ಹೇಳಿ, 2007ರ ಮೂಲಕ 32 ಬೈಟ್ ಬಣ್ಣ ಮತ್ತು 1,024 ಬೈಟ್ ಪಟ್ಟಿ ತುಂಬಬೇಕು. ಆಮೇಲೆ ಸ್ಕ್ರಾಲ್, ಅಂದರೆ ಚಿತ್ರದ ಸರಿತ, ಸೊನ್ನೆ ಮಾಡಿ ಚಿತ್ರ ಚಾಲೂ ಮಾಡಬೇಕು. ಚಿತ್ರ ಎಳೆಯುತ್ತಿರುವಾಗ 2007ಕ್ಕೆ ಬರೆದರೆ ಎಲ್ಲೆಲ್ಲೋ ಹೋಗಿ ಕೂರುತ್ತದೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಫೋಟೊದ ಎಡ ಅಂಚನ್ನು 8 ಅಥವಾ 10ನೇ ಕಾಲಮ್ಮಿಗೆ ಇಡಿ, 9ಕ್ಕೆ ಬೇಡ. ಮುಂದೆ ಸೀರೆಗೆ ಬೇರೆ ಪ್ಯಾಲೆಟ್ ಕೊಡಬೇಕು ಅನ್ನಿಸಿದರೆ 16ರ ಚೌಕಗಳು ಆಗ ಸರಿಯಾಗಿ ಹೊಂದುತ್ತವೆ.

ಎಲ್ಲ ಸೇರಿ ಫೈಲ್ 24,592 ಬೈಟ್ ಆಗುತ್ತದೆ. 16 ಬೈಟ್ ತಲೆಬರಹ, 16 ಕಿಲೋಬೈಟ್ ಪ್ರೋಗ್ರಾಮ್, 8 ಕಿಲೋಬೈಟ್ ಟೈಲ್. ಮೊದಲು ಮೆಸೆನ್ ಎಮ್ಯುಲೇಟರಿನಲ್ಲಿ, ಅಂದರೆ ಕಂಪ್ಯೂಟರಿನಲ್ಲೇ ಈ ಯಂತ್ರದ ಹಾಗೆ ನಡೆಯುವ ತಂತ್ರಾಂಶದಲ್ಲಿ, ನೋಡಿ. ಯಾವ ಟೈಲ್ ಎಲ್ಲಿದೆ ಎಂದು ತೆರೆದು ತೋರಿಸುವ ಕಿಟಕಿ ಅದರಲ್ಲಿದೆ. ಅಸಲಿ ಯಂತ್ರಕ್ಕೆ ಹೋಗುವಾಗ ಮೆಮೊರಿ ಕಾರ್ಡ್ ಹಾಕುವ ಫ್ಲ್ಯಾಶ್ ಕ್ಯಾಸೆಟ್ ಸುಲಭ. ಫ್ಯಾಮಿಕಾಮ್ ಕ್ಯಾಸೆಟ್‌ಗೆ 60 ಪಿನ್, ಎನ್‌ಇಎಸ್ ಕ್ಯಾಸೆಟ್‌ಗೆ 72. ಕೊಳ್ಳುವ ಮೊದಲು ನಿಮ್ಮ ಯಂತ್ರದ ಬಾಯಿ ನೋಡಿಕೊಳ್ಳಿ. ಅಟ್ಟದಲ್ಲಿ ಇಷ್ಟು ವರ್ಷ ಇದ್ದ ಅಡಾಪ್ಟರನ್ನು ಸುಮ್ನೆ ಚುಚ್ಚಬೇಡಿ. ರಿಪೇರಿಯವರ ಹತ್ತಿರ ವೋಲ್ಟೇಜ್ ಮತ್ತು ಪ್ಲಸ್ ಮೈನಸ್ ಪರೀಕ್ಷೆ ಮಾಡಿಸಿ.

ಪುಟ್ಟ ಕಂಪ್ಯೂಟರ್ ಕೂರಿಸುವ ಮಾತು. ಆಗದ್ದೇನಲ್ಲ. ಕ್ಯಾಸೆಟ್ ಒಳಗೆ ರಾಸ್ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟು, ಯಂತ್ರ ಕೇಳಿದ ಕ್ಷಣಕ್ಕೆ ಹೊಸ ಹೊಸ ಟೈಲ್ ಉಣಿಸಿದವರಿದ್ದಾರೆ. ಅದು ದೊಡ್ಡ ಸಾಹಸ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ನಿಮಗೆ ಬೇಕಾದದ್ದು ಅದಲ್ಲ ಎಂದು ಪತ್ರ ಓದಿ ಅನ್ನಿಸಿತು. ಅಜ್ಜಿ ಕೊಡಿಸಿದ ಯಂತ್ರವೇ ಅಜ್ಜಿಯನ್ನು ತೋರಿಸಬೇಕು ಎಂದು ಬರೆದಿದ್ದೀರಿ. ಆ ಕೆಲಸ ಅದೇ ಮಾಡಲಿ, ಬೇರೆಯವರ ಕೈಯಿಂದ ಬೇಡ.

ಉಳಿದ 32 ಟೈಲ್ ನೆನಪಿದೆಯಲ್ಲ? ಒಂದು ಖಾಲಿ ಟೈಲ್, ಸುತ್ತಲಿನ ಕಪ್ಪಿಗೆ. ಮಿಕ್ಕವುಗಳಲ್ಲಿ ಫೋಟೊದ ಕೆಳಗೆ "ಅಜ್ಜಿ" ಎಂದು ಬರೆಯಿರಿ. ಇಂಗ್ಲಿಷ್ ಅಕ್ಷರ ಒಂದು ಟೈಲ್‌ನಲ್ಲಿ ಮುಗಿಯುತ್ತದೆ, ಕನ್ನಡದ್ದು ಮುಗಿಯುವುದಿಲ್ಲ. "ಅ"ಗೆ ನಾಲ್ಕು ಟೈಲ್ ಇಡಿ. "ಜ್ಜಿ"ಗೆ ಒತ್ತು ಇಳಿಯುವುದರಿಂದ ಆರು. ಹತ್ತಾಯಿತು. ಅದಕ್ಕೆ ಎರಡನೇ ಪ್ಯಾಲೆಟ್ ಕೊಟ್ಟು ಹಿತ್ತಾಳೆ ಹಳದಿ ಹಚ್ಚಬಹುದು.

ಕೊನೆಗೆ ಕುಂಕುಮ. ಹಿಂದೆ ಸ್ಟುಡಿಯೋದವರು ಕಪ್ಪು ಬಿಳುಪು ಫೋಟೊಗೆ ಕುಂಚದಿಂದ ಬಣ್ಣ ಹಚ್ಚಿ ಕೊಡುತ್ತಿದ್ದರು. ನೀವೂ ಹಾಗೇ ಮಾಡಬಹುದು. ಗೇಮ್‌ನಲ್ಲಿ ಓಡಾಡುವ ಗೊಂಬೆಗಳಿಗೆ ಸ್ಪ್ರೈಟ್ ಎನ್ನುತ್ತಾರೆ. ಅಂಥವು 64 ಇವೆ, ಹಿನ್ನೆಲೆಯ ಮೇಲೆ ಯಾವ ಚುಕ್ಕಿಗೆ ಬೇಕಾದರೂ ಇಡಬಹುದು. ಅವಕ್ಕೆ ಬೇರೆಯೇ ಪ್ಯಾಲೆಟ್, ಟೈಲ್‌ಗೆ ಎರಡನೇ ಗುಂಪು ಹಾಗೇ ಖಾಲಿ ಬಿದ್ದಿದೆ. ಒಂದೇ ಸ್ಪ್ರೈಟ್ ತೆಗೆದುಕೊಂಡು ದುಂಡಗಿನ ಬೊಟ್ಟು ಬರೆಯಿರಿ. ಬಣ್ಣ 16, ಒಳ್ಳೆಯ ಕೆಂಪು. ಉಳಿದ 63 ಸ್ಪ್ರೈಟ್‌ಗಳನ್ನು ಪರದೆಯ ಕೆಳಗೆ ಇಳಿಸಿಬಿಡಿ. ಸ್ಪ್ರೈಟ್‌ಗಳ ಪಟ್ಟಿಯನ್ನು ಪ್ರತಿ ಫ್ರೇಮ್‌ಗೂ ಹೊಸದಾಗಿ ಕಳಿಸುತ್ತಿರಿ, ಇಲ್ಲದಿದ್ದರೆ ಅದು ಮಾಸಿ ಹೋಗಬಹುದು. ಇನ್ನೊಂದು ವಿಷಯ. ಈ ಯಂತ್ರ ಸ್ಪ್ರೈಟನ್ನು ಹೇಳಿದ್ದಕ್ಕಿಂತ ಒಂದು ಗೆರೆ ಕೆಳಗೆ ತೋರಿಸುತ್ತದೆ. ಹಾಗಾಗಿ ಎತ್ತರದ ಲೆಕ್ಕದಲ್ಲಿ ಒಂದು ಕಳೆದು ಬರೆಯಿರಿ. ಆಗ ಕುಂಕುಮ ಹುಬ್ಬುಗಳ ನಡುವೆ ಸರಿಯಾಗಿ ಕೂರುತ್ತದೆ.

— ಸಂ.